ಐದು ಅಂಕದ ಅಜ್ಜಿ

ಈ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನೀರಿನ ವಾಲ್ವ್ ತಿರುಗಿಸುವ ಕೆಲಸ ನನ್ನ ತಲೆಗೆ ಬಂತು. ಕೆ.ಆರ್. ಪುರದ ಈ ಕಡೆ ಬೋರ್‌ವೆಲ್ ಬತ್ತಿ, ಟ್ಯಾಂಕರ್ ನಂಬಿಕೊಂಡು ಬದುಕುವವರು ನಾವು. ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ಮಾತ್ರ ನೀರು ಬಿಡಬೇಕು ಎಂದಾಗ ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತಿದರು. ನಿಲ್ಲಿಸುವವರು ಯಾರು ಎಂದಾಗ ಎಲ್ಲರೂ ಕೈ ಇಳಿಸಿದರು. ಹಾಗಾಗಿ ನಾನು. ಮೊದಲ ದಿನ ಸಂಪಿನ ಪಕ್ಕದ ಗುಂಡಿಯ ಮುಚ್ಚಳ ಎತ್ತಿ ಬಗ್ಗಿದೆ. ತುಕ್ಕು, ಪಾಚಿ, ಒದ್ದೆ ಇಟ್ಟಿಗೆ ಎಲ್ಲ ಬೆರೆತ ತಣ್ಣನೆಯ ವಾಸನೆ ಮುಖಕ್ಕೆ ಹೊಡೆಯಿತು. ವಾಲ್ವ್ ಮರೆತು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ನಮ್ಮ ಅಜ್ಜಿಯ ನಲ್ಲಿ ಗುಂಡಿಯ ವಾಸನೆ ಅದು. ತೊಂಬತ್ತರ ದಶಕದ ಕೊನೆ, ನಾನು ಎರಡನೇ ಪಿಯುಸಿ ಓದುತ್ತಿದ್ದ ವರ್ಷ, ಮೂಗಿನ ಮೂಲಕ ಒಳಗೆ ಬಂತು.

ಆ ವರ್ಷ ನನಗೆ ನನ್ನ ಅಜ್ಜಿಯೇ ಪಠ್ಯವಾಗಿದ್ದಳು. ಇದು ಉತ್ಪ್ರೇಕ್ಷೆಯ ಮಾತಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಅಜ್ಜಿಯ ಹೆಸರು ಪಿಳ್ಳಮ್ಮ. ಅಮ್ಮನ ಅಮ್ಮ. ಹಲಸೂರು ದಾಟಿದರೆ ಸಿಗುವ ಬಿನ್ನಮಂಗಲದಲ್ಲಿ ಅವಳದೊಂದು ವಠಾರ. ಇಂದಿರಾನಗರ ಹುಟ್ಟುವ ಮೊದಲೇ ಇದ್ದ ಊರು ನಮ್ಮದು. ಸುತ್ತಲಿನ ಹೊಲ ತೋಟಗಳೆಲ್ಲ ಲೇಔಟಿಗೆ ಹೋದ ಮೇಲೆ ಬಂದ ಪರಿಹಾರದಲ್ಲಿ ತಾತ ಆರು ಮನೆಗಳನ್ನು ಸಾಲಾಗಿ ಕಟ್ಟಿಸಿ ಬಾಡಿಗೆಗೆ ಬಿಟ್ಟರು, ಸ್ವಲ್ಪ ವರ್ಷಕ್ಕೆ ತೀರಿಕೊಂಡರು. ಅಲ್ಲಿಂದ ವಠಾರದ ಯಜಮಾನಿಕೆ ಅಜ್ಜಿಯದು. ಆರು ಮನೆಗೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ಪ್ರೆಶರ್ ಸಾಲದೆಂದು ನೆಲ ಅಗೆದು ಗುಂಡಿಯೊಳಗೆ ಇಟ್ಟ ನಲ್ಲಿ. ಗುಂಡಿಯ ಮೇಲೆ ತಗಡಿನ ಮುಚ್ಚಳ, ಮುಚ್ಚಳಕ್ಕೆ ಚಿಲಕ, ಚಿಲಕಕ್ಕೆ ಬೀಗ. ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ದಿನ ಬಿಟ್ಟು ದಿನ ನೀರು ಬಂದಾಗ ಅಜ್ಜಿ ಬೀಗ ತೆಗೆದು, ಗುಂಡಿಯ ಪಕ್ಕದ ಕಲ್ಲಿನ ಮೇಲೆ ಕೂತು, ಯಾವ ಮನೆಗೆ ಎಷ್ಟು ಬಿಂದಿಗೆ ಎಂದು ಲೆಕ್ಕ ಇಟ್ಟು, ಸಾಕು ಅನ್ನಿಸಿದಾಗ ಸಾಕು ಎನ್ನುತ್ತಿದ್ದಳು. ಯಾರಾದರೂ ಗೊಣಗಿದರೆ ಅವಳ ಬಾಯಿಯೂ ಬೀಗ ತೆಗೆದುಕೊಳ್ಳುತ್ತಿತ್ತು. ಅಪ್ಪನಿಗೆ ದೂರದ ಊರುಗಳಲ್ಲಿ ಕೆಲಸವಾದ್ದರಿಂದ ಅಮ್ಮನೂ ನಾನೂ ಅಜ್ಜಿಯ ಜೊತೆಗೇ ಇದ್ದೆವು. ನಮ್ಮ ಬಿಂದಿಗೆಗೂ ಅದೇ ಕಾನೂನು.

ನಾನು ಹುಟ್ಟುವ ಮೊದಲು, ವಠಾರದ ಮೂರನೇ ಮನೆಯಲ್ಲಿ ಒಬ್ಬ ಮದುವೆಯಾಗದ ಹುಡುಗ ಬಾಡಿಗೆಗಿದ್ದನಂತೆ. ಯಾವುದೋ ಆಫೀಸಿನಲ್ಲಿ ಗುಮಾಸ್ತ. ಸಂಜೆ ಬಂದು ದೀಪ ಹಾಕಿಕೊಂಡು ಬರೆಯುತ್ತಿದ್ದ. ವರ್ಗವಾಗಿ ಹೋದ ಕೆಲವು ವರ್ಷಕ್ಕೆ ಒಂದು ಕಾದಂಬರಿ ಪ್ರಕಟಿಸಿದ. ವಠಾರದ ಬದುಕಿನ ಕಥೆ. ಅದರಲ್ಲಿ ನಲ್ಲಿ ನಂಜಮ್ಮ ಎಂಬ ಒಬ್ಬ ಮನೆಯೊಡತಿ. ಸೊಂಟದಲ್ಲಿ ಬೀಗದ ಕೈ, ಎಡಗೆನ್ನೆಯ ಮೇಲೆ ಮಚ್ಚೆ, ಮಾತೆತ್ತಿದರೆ "ನೀರೇನು ನಿಮ್ಮಪ್ಪನ ಮನೆ ಆಸ್ತೀನಾ" ಎಂಬ ಬೈಗುಳ. ಅಜ್ಜಿಯ ಮಚ್ಚೆ ಬಲಗೆನ್ನೆಯಲ್ಲಿತ್ತು ಎನ್ನುವುದೊಂದನ್ನು ಬಿಟ್ಟರೆ ಅದು ನಮ್ಮ ಅಜ್ಜಿಯೇ. ಕಾದಂಬರಿಗೆ ಒಳ್ಳೆಯ ಹೆಸರು ಬಂತು. ಬರೆದವರು ತೀರಿಯೂ ಹೋದರು. ನಾನು ಎರಡನೇ ಪಿಯುಸಿಗೆ ಬರುವ ಹೊತ್ತಿಗೆ ಸರಿಯಾಗಿ ಅದು ನಮ್ಮ ಕನ್ನಡ ಪತ್ರಿಕೆಗೆ ಪಠ್ಯವಾಗಿ ಬಂದು ಕೂತಿತು.

ಶಿವಾಜಿನಗರದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಹುಡುಗಿಯರ ಕಾಲೇಜು. ತಮಿಳು ಮನೆಯವರು, ಉರ್ದು ಮನೆಯವರು, ನಮ್ಮಂಥ ಹಳೇ ಊರಿನವರು ಎಲ್ಲ ಸೇರಿದ ಕ್ಲಾಸು. ಕನ್ನಡ ಪೀರಿಯಡ್ ಎಂದರೆ ಅರ್ಧ ಕ್ಲಾಸಿಗೆ ನಿದ್ದೆ. ಆದರೆ ನಂಜಮ್ಮ ಬಂದ ಅಧ್ಯಾಯದಲ್ಲಿ ಯಾರೂ ಮಲಗಲಿಲ್ಲ. ವಿಮಲಾ ಮೇಡಂ ಓದುತ್ತಿದ್ದರೆ ಬೆಂಚುಗಳು ನಗುವಿಗೆ ಅಲುಗಾಡುತ್ತಿದ್ದವು. ಮರುದಿನದಿಂದ ಕಾಲೇಜಿನ ನೀರಿನ ಡ್ರಮ್ಮಿನ ಹತ್ತಿರ ಯಾರೇ ಹೋದರೂ ಹಿಂದಿನಿಂದ "ನೀರೇನು ನಿಮ್ಮಪ್ಪನ ಮನೆ ಆಸ್ತೀನಾ" ಎಂಬ ಕೂಗು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದು ನಮ್ಮಜ್ಜಿ ಎಂದು ಹೇಳಿಕೊಳ್ಳುವುದು ಹೇಗೆ? ಹೇಳದೆ ಇರುವುದಾದರೂ ಹೇಗೆ?

ಗೈಡ್ ಬೇರೆ ಬಂತು. ಐದು ಅಂಕದ ಪ್ರಶ್ನೆ: ನಂಜಮ್ಮನ ಪಾತ್ರಚಿತ್ರಣ ಮಾಡಿ. ಉತ್ತರ: ನಂಜಮ್ಮನ ಪಾತ್ರವು ನಗರ ಬದುಕಿನ ಜಿಪುಣತನ ಹಾಗೂ ನಿರ್ದಯತೆಯ ಪ್ರತೀಕವಾಗಿದೆ. ಈ ಪ್ರಶ್ನೆ ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಮೇಡಂ ಪಕ್ಕದಲ್ಲಿ ನಕ್ಷತ್ರ ಹಾಕಿಸಿದರು. ಒಂದು ಸಂಜೆ ನಾನು ಅದನ್ನು ಜೋರಾಗಿ ಉರು ಹೊಡೆಯುತ್ತಿದ್ದೆ. ಸೊಪ್ಪು ಸೋಸುತ್ತಿದ್ದ ಅಜ್ಜಿ ತಲೆಯೆತ್ತಿದಳು.

"ಯಾರೇ ಅದು ನಿರ್ದಯಿ?"

"ಪಾಠದಲ್ಲಿ ಬರ್ತಾಳೆ. ಒಬ್ಬಳು."

"ಮೂರನೇ ಮನೆ ಹುಡುಗ ಬರ್ದಿದ್ದು ತಾನೇ? ನಾನೇ ಅಂತ ಹೇಳೋಕೆ ನಿಂಗೇನು ಕಷ್ಟ?" ಎಂದು ನಕ್ಕಳು. "ಓದು ನೋಡಾಣ. ಏನೇನು ಬರ್ದಿದಾನೆ, ನಾನೂ ಪೂರ್ತಿ ಕೇಳಿಲ್ಲ."

ಅಜ್ಜಿಗೆ ಓದು ಬರುತ್ತಿರಲಿಲ್ಲ. ನಾನು ಅಳುಕುತ್ತಲೇ ಇಡೀ ಅಧ್ಯಾಯ ಓದಿದೆ. ಅವಳು ಬೇಜಾರು ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದರೆ, ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಾಳೆ. ನಡುನಡುವೆ ತಿದ್ದುಪಡಿ. ಬೀಗ ಹಿತ್ತಾಳೆಯದಲ್ಲ, ಕಬ್ಬಿಣದ್ದು. ಆ ದಿನ ಬೈದದ್ದು ಅವನಿಗಲ್ಲ, ಪಕ್ಕದ ಮನೆಯವಳಿಗೆ. ಅವನು ಸುಮ್ಮನೆ ನಡುವೆ ಬಂದು ಬೈಸಿಕೊಂಡ. ಓದಿ ಮುಗಿಸಿದಾಗ, "ಚೆನ್ನಾಗಿ ಬರ್ದಿದಾನೆ ಕಣೆ, ಪಾಪ" ಎಂದು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಅವಳಿಗೆ ಬೇಜಾರಾಗದಿದ್ದರೂ ನನಗಾಗಿತ್ತು. ಅವಳ ಪಾಲಿನದನ್ನೂ ನಾನೇ ಮಾಡಿಕೊಂಡೆ. ಅಷ್ಟರಲ್ಲಿ ನವೆಂಬರ್ ಬಂತು. ಕಾಲೇಜಿನ ಕನ್ನಡ ಸಂಘದವರು ಹೊಸದೊಂದು ಸ್ಪರ್ಧೆ ಇಟ್ಟರು. ಯಾವುದಾದರೂ ಕಾದಂಬರಿಯ ಒಂದು ಪಾತ್ರ ಆರಿಸಿಕೊಂಡು, ಆ ಪಾತ್ರವೇ ಮಾತಾಡಿದ ಹಾಗೆ ಕವನ ಬರೆದು, ವೇದಿಕೆಯ ಮೇಲೆ ಆ ಪಾತ್ರವಾಗಿ ನಿಂತು ಹೇಳಬೇಕು. ಬೋರ್ಡಿನ ಮೇಲೆ ಅದನ್ನು ಓದಿದಾಕ್ಷಣ ನನಗೆ ಗೊತ್ತಾಗಿಹೋಯಿತು. ನಗುತ್ತಿದ್ದ ಈ ಬೆಂಚುಗಳ ಮುಂದೆ ನನ್ನ ಅಜ್ಜಿಯನ್ನು ನಿಲ್ಲಿಸಬೇಕು, ಒಬ್ಬರೂ ನಗಬಾರದು. ಬಹುಮಾನ ಬಂದರೆ ಸಂತೋಷ. ಬರದಿದ್ದರೂ ಆ ನಗು ನಿಲ್ಲಬೇಕು.

ಹೆಸರು ಕೊಟ್ಟು ಬಂದು ವಾರವೆಲ್ಲ ಕೂತು ಬರೆದೆ. ಅಮ್ಮನ ಹತ್ತಿರ ಒಂದು ವಿಷಯ ತಿಳಿದುಕೊಂಡೆ. ವಠಾರದ ಕೊನೆಯ ಮನೆಯ ಸ್ಟೆಲ್ಲಾ ಅಕ್ಕ ನರ್ಸು, ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನದ ಮೇಲೆ ಬರುತ್ತಿದ್ದಳು. ಅವಳು ಬರುವಷ್ಟರಲ್ಲಿ ಬೇರೆಯವರು ನೀರೆಲ್ಲ ಹಿಡಿದುಬಿಡುತ್ತಾರೆ ಎಂದು ಅಜ್ಜಿ ಅವಳ ಎರಡು ಬಿಂದಿಗೆಗಳನ್ನು ತಾನೇ ತುಂಬಿಸಿ ಇಟ್ಟಿರುತ್ತಿದ್ದಳು. ನನಗೆ ಇಷ್ಟೇ ಸಾಕಾಯಿತು. ಕಣ್ಣೀರು ಹರಿಸಿಬಿಟ್ಟೆ. ಆ ಕವನದ ಎರಡು ಸಾಲು ಈಗಲೂ ನೆನಪಿದೆ, ನೆನಪಾದರೆ ಕಿವಿ ಬಿಸಿಯಾಗುತ್ತದೆ:

ನಾನೂ ಒಬ್ಬ ಹೆಣ್ಣು, ನನ್ನ ಎದೆಯೊಳಗೆ
ಯಾರೂ ಇಣುಕದ ಕಣ್ಣೀರ ಬಾವಿ...

ವಿಮಲಾ ಮೇಡಂ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಗೆದ್ದೆ ಎಂದುಕೊಂಡು ಮನೆಗೆ ಬಂದು, ಅಜ್ಜಿಯನ್ನು ಕಲ್ಲಿನ ಮೇಲೆ ಕೂರಿಸಿ, ಕೈ ಕಾಲು ಆಡಿಸಿ, ದನಿ ನಡುಗಿಸಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿದಳು.

"ಯಾರೇ ಇವಳು? ಯಾಕೆ ಈ ಪಾಟಿ ಅಳ್ತಾಳೆ?"

"ನೀನೇ ಅಜ್ಜಿ."

"ನಾನಾ?" ಎಂದಳು. ಕಾದಂಬರಿ ಕೇಳಿದಾಗ ನಕ್ಕ ಮುಖದಲ್ಲಿ ಈಗ ನಗುವಿರಲಿಲ್ಲ. "ನಾನು ಯಾವತ್ತು ಅತ್ತೆ? ಆ ಹುಡುಗನ ಬುಕ್ಕಲ್ಲಿ ನಾನು ಬಂದ್ರೆ ಎಲ್ರೂ ಎದ್ದು ನಿಂತ್ಕೋತಾರೆ. ನೀನು ನೋಡಿದ್ರೆ ನನ್ನ ಮೂಲೇಲಿ ಕೂರಿಸಿ ಅಳಿಸ್ತಿದೀಯ. ಅವನೇ ವಾಸಿ."

"ನಿನ್ನ ಪರವಾಗಿ ಬರ್ದಿದೀನಿ ಅಜ್ಜಿ! ಸ್ಟೆಲ್ಲಾ ಅಕ್ಕನಿಗೋಸ್ಕರ ಬೀಗ ಹಾಕ್ತೀಯ ಅಂತ..."

"ಅದೂ ಉಂಟು. ಆದ್ರೆ ಅದಕ್ಕೇ ಅಂತ ಅಲ್ಲ." ಸೊಂಟ ತಟ್ಟಿ ಹೇಳಿದಳು. "ಬೀಗದ ಕೈ ಸೊಂಟದಲ್ಲಿದ್ರೆ ನಂಗೆ ಚೆನ್ನಾಗಿರುತ್ತೆ. ಅದಕ್ಕೆ ಹಾಕ್ತೀನಿ."

ನನಗೆ ಅಳುವೇ ಬಂತು. ಇಂಥ ಉತ್ತರವನ್ನು ಕವನದಲ್ಲಿ ಹೇಗೆ ಹಾಕುವುದು? ಸ್ಪರ್ಧೆಗೆ ಉಳಿದದ್ದು ಸ್ವಲ್ಪವೇ ದಿನ. ಮುನಿಸಿಕೊಂಡು ಎರಡು ದಿನ ಅಜ್ಜಿಯ ಹತ್ತಿರ ಮಾತು ಬಿಟ್ಟೆ. ಭಾನುವಾರ ಬೆಳಿಗ್ಗೆ ಅವಳೇ ಚಪ್ಪಲಿ ಮೆಟ್ಟಿಕೊಂಡು, "ಬಾರೆ, ಒಂದು ಕಡೆ ಹೋಗಿ ಬರಾಣ" ಎಂದು ಕರೆದಳು.

ನಡೆದುಕೊಂಡೇ ಹೋದೆವು. ನಮ್ಮ ಸಂದು ಮುಗಿದು ದೊಡ್ಡ ರಸ್ತೆ ಬಂದರೆ ಇಂದಿರಾನಗರ. ಆಗಿನ್ನೂ ಬಂಗಲೆಗಳು, ಗೇಟಿನ ಹಿಂದೆ ನಾಯಿಗಳು, ರಸ್ತೆಯ ಮೇಲೆ ಮರಗಳು. ಅಲ್ಲಲ್ಲಿ ಗಾಜಿನ ಅಂಗಡಿಗಳು ತಲೆಯೆತ್ತುತ್ತಿದ್ದವು. ಅಜ್ಜಿ ಯಾವ ಬೋರ್ಡೂ ನೋಡದೆ, ಎಲ್ಲೂ ತಡವರಿಸದೆ ನಡೆದಳು. ಒಂದು ಬೇಕರಿಯ ಮುಂದೆ ನಿಂತು, "ಇಲ್ಲಿ ನಮ್ಮ ಬಾವಿ" ಎಂದಳು. ಒಳಗೆ ಯಾರೋ ಪಫ್ ತಿನ್ನುತ್ತಿದ್ದರು. ಅಲ್ಲಿಂದ ಒಂದು ಪಾರ್ಕು. "ಇದು ಸೊಪ್ಪಿನ ಮಡಿ ಇದ್ದ ಜಾಗ." ಸೊಪ್ಪು ಬೆಳೆಯುವ ಪಾತಿಗೆ ಅವಳು ಮಡಿ ಎನ್ನುತ್ತಿದ್ದಳು. ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ. ಬೆಳಗಿನ ಜಾವ ಗಾಡಿ ಕಟ್ಟಿ ಶಿವಾಜಿನಗರದ ಮಾರ್ಕೆಟ್ಟಿಗೆ ಕಳಿಸುತ್ತಿದ್ದ ಸೊಪ್ಪು.

ಪಾರ್ಕಿನಲ್ಲಿ ಮಾಲಿ ಪೈಪು ಬಿಟ್ಟು ಎಲ್ಲೋ ಹೋಗಿದ್ದ. ನೀರು ಒಂದು ಗುಲಾಬಿ ಗಿಡದ ಬುಡದಲ್ಲಿ ಮಡುಗಟ್ಟಿ, ಹುಲ್ಲು ದಾಟಿ ಕಾಲುದಾರಿಗೆ ಹರಿಯುತ್ತಿತ್ತು. ಪಕ್ಕದ ಗಿಡಗಳೆಲ್ಲ ಒಣಗಿ ನಿಂತಿದ್ದವು. ಅಜ್ಜಿ ಚಪ್ಪಲಿ ಬಿಟ್ಟಳು, ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡಳು. ಹಿಮ್ಮಡಿಯಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದಳು. ನೀರು ಆ ಗೆರೆಯೊಳಕ್ಕೆ ತಿರುಗಿತು. ಪಾದದಲ್ಲೇ ಒಂದು ಹಿಡಿ ಮಣ್ಣು ತಳ್ಳಿ ಹಿಂದಿನ ದಾರಿ ಮುಚ್ಚಿದಳು. ಎರಡನೇ ಗಿಡದ ಬುಡ ತುಂಬಿತು. ಅಲ್ಲೂ ಮುಚ್ಚಿ ಮೂರನೆಯದಕ್ಕೆ ಬಿಟ್ಟಳು. ಮಚ್ಚೆಯಿದ್ದ ಆ ಬಲಗೆನ್ನೆಯಲ್ಲಿ ನಾನು ಹಿಂದೆ ಕಾಣದ ಒಂದು ಶಾಂತಿ ಇತ್ತು.

"ನಿಮ್ಮ ತಾತ ಎತ್ತು ಹೊಡ್ಕೊಂಡು ನೀರೆತ್ತೋರು. ನೀರು ಕಟ್ತಿದ್ದೋಳು ನಾನು. ಗುದ್ದಲಿ ಹಿಡ್ಕೊಂಡು ಇಲ್ಲಿ ನಿಂತ್ರೆ, ಯಾವ ಮಡಿಗೆ ಬಿಡ್ಬೇಕು, ಯಾವುದಕ್ಕೆ ಸಾಕು, ಎಲ್ಲ ನಂದೇ. ನಮ್ಮತ್ತೆ ಕೂಡ ಬಾಯಿ ಹಾಕ್ತಿರ್ಲಿಲ್ಲ. ಮೆಂತ್ಯಕ್ಕೆ ಸಾಕು ಅಂದ್ರೆ ಮಣ್ಣು ಹಾಕಿ ಮುಚ್ತಿದ್ದೆ. ಮೆಂತ್ಯ ನನ್ನ ಬೈತಿತ್ತಾ?"

"ಇಲ್ಲ" ಎಂದೆ.

"ಆಮೇಲೆ ಎಲ್ಲಾ ಹೋಯ್ತು. ಆ ನಲ್ಲಿ ಹಾಕ್ಸಿದ ದಿನ ನೀರು ಸೊರ್ ಅಂತ ಬಂತು ನೋಡು, ಯಾರೋ ಬಕೀಟು ಇಟ್ಟು ಹಂಗೇ ಬಿಟ್ಟು ಹೋಗಿದ್ರು, ತುಂಬಿ ಹರೀತಿತ್ತು. ಹೋಗಿ ತಿರುಗಿಸ್ದೆ. ನಿಂತ್ಕೊಂಡ್ತು. ಆವತ್ತೇ ಬೀಗ ತಂದೆ."

ಮಾಲಿ ಬಂದು, "ಏನಮ್ಮ, ಯಾರ್ ನೀವು, ಯಾಕೆ ಗಿಡ ಮುಟ್ತಿದೀರ?" ಎಂದು ಗದರಿದ. "ಯಾರೂ ಅಲ್ಲಪ್ಪ" ಎಂದು ಅಜ್ಜಿ ಕಾಲು ಕೊಡವಿ ಚಪ್ಪಲಿ ಹಾಕಿಕೊಂಡಳು. ನನಗೆ ಆ ಮಾಲಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಮನೆಗೆ ಬಂದು ಹಳೇ ಕವನ ಹರಿದು ಹಾಕುವಾಗ ಆ ಸಿಟ್ಟು ಎಲ್ಲೋ ಹೋಗಿ, ಬರೆಯುವ ಆಸೆ ಮಾತ್ರ ಉಳಿದಿತ್ತು. ಈ ಸಲ ಒಂದೇ ಸಂಜೆಗೆ ಬಂತು.

ಸ್ಪರ್ಧೆಯ ದಿನ ಅಜ್ಜಿ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ರೇಷ್ಮೆ ಸೀರೆ ಹೊರಗೆ ಬಂತು. ಮದುವೆ ಮನೆಗೆ ಮಾತ್ರ ಬರುತ್ತಿದ್ದ ಸೀರೆ. ಕೈಚೀಲದಲ್ಲಿ ಕಡಲೇಪುರಿ. ಸಭೆಯಲ್ಲಿ ಹಸಿವಾದರೆ ಇರಲಿ ಎಂದು. ಆಟೋದಲ್ಲಿ ಹಲಸೂರು ಕೆರೆಯ ಪಕ್ಕ ಹೋಗುವಾಗ ಮದುಮಗಳ ಹಾಗೆ ಕೂತಿದ್ದಳು. ಕಾಲೇಜಿನಲ್ಲಿ ವಿಮಲಾ ಮೇಡಂಗೆ ಪರಿಚಯ ಮಾಡಿಸಿದೆ, ನಮ್ಮಜ್ಜಿ ಎಂದಷ್ಟೇ. ಮೇಡಂ ಎರಡನೇ ಸಾಲಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು. "ನೀವೂ ತಗೊಳಿ ಮೇಡಮ್ಮೋರೆ" ಎಂದು ಅಜ್ಜಿ ಕಡಲೇಪುರಿಯ ಪೊಟ್ಟಣ ಬಿಚ್ಚಿದಳು.

ನನಗಿಂತ ಮೊದಲು ಬಂದ ಹುಡುಗಿಯರೆಲ್ಲ ಅತ್ತರು. ಗಂಡ ಬಿಟ್ಟವಳು ಅತ್ತಳು, ವಿಧವೆ ಅತ್ತಳು, ಪ್ರೀತಿಸಿದವನು ಬಾರದವಳು ಮಂಡಿಯೂರಿ ಅತ್ತಳು. ನನ್ನ ಹೆಸರು ಕರೆದು, "ಪಾತ್ರ: ನಲ್ಲಿ ನಂಜಮ್ಮ" ಎಂದಾಗ ಹಾಲಿನಲ್ಲಿ ನಗು ಎದ್ದಿತು. ಹಿಂದಿನ ಬೆಂಚಿನಿಂದ "ನಿಮ್ಮಪ್ಪನ ಮನೆ ಆಸ್ತೀನಾ" ಬಂತು. ಅಜ್ಜಿಯ ಹಳೇ ಹತ್ತಿ ಸೀರೆ ಉಟ್ಟಿದ್ದೆ. ಅವಳು ಕಲ್ಲಿನ ಮೇಲೆ ಕೂರುವ ಹಾಗೆ, ಒಂದು ಮಂಡಿ ಎತ್ತಿ, ಸ್ಟೂಲಿನ ಮೇಲೆ ಕೂತೆ. ನಗು ಮುಗಿಯುವವರೆಗೆ ಸುಮ್ಮನೆ ಅವರನ್ನೇ ನೋಡಿದೆ. ಅದೂ ಅವಳದೇ ವಿದ್ಯೆ. ಆಮೇಲೆ ಶುರು ಮಾಡಿದೆ.

ಹೌದು, ಬೀಗ ಹಾಕಿದೆ.
ನಿಮ್ಮ ಬಿಂದಿಗೆ ಇನ್ನೂ ಬಾಯಿ ತೆರೆದಿರುವಾಗಲೇ
ನನ್ನ ಕೈ ಬಂತು, ನೀರು ನಿಂತಿತು.
ಬೈದಿರಿ. ಬೈಯಿರಿ.

ಬಾವಿಯ ನೀರು ಒಂದು ಕಾಲದಲ್ಲಿ
ನನ್ನ ಪಾದ ಕೇಳಿ ಮುಂದೆ ಹೋಗುತ್ತಿತ್ತು.
ಮಣ್ಣು ಸರಿಸಿದ ಕಡೆಗೆ ಬಾ ಎಂದರೆ ಬಂತು,
ಮಣ್ಣು ಮುಚ್ಚಿದ ಕಡೆ ನಿಲ್ಲು ಎಂದರೆ ನಿಂತಿತು.
ಮೆಂತ್ಯ ನನ್ನನ್ನು ಬೈಯಲಿಲ್ಲ,
ಕೊತ್ತಂಬರಿ ನನಗೆ ಅಡ್ಡಹೆಸರು ಇಡಲಿಲ್ಲ.

ಹೊಲ ಹೋಯಿತು. ಗುದ್ದಲಿ ಮೂಲೆ ಸೇರಿತು.
ಕೈ ಎಲ್ಲಿಗೆ ಹೋಗಬೇಕು?
ಕೈ ಇಲ್ಲೇ ಉಳಿಯಿತು.
ಉಳಿದ ಕೈಗೆ ಒಂದು ನಲ್ಲಿ ಸಿಕ್ಕಿತು.

ಮೂರನೇ ಮನೆಯವರೇ, ಎಲ್ಲ ಬರೆದಿರಿ,
ನಿಮ್ಮ ಬಿಂದಿಗೆ ಒಂದು ದಿನವೂ ಖಾಲಿ ಇರಲಿಲ್ಲ
ಎಂಬುದೊಂದು ಬಿಟ್ಟಿರಿ. ಇರಲಿ.
ನಾನು ಒಳ್ಳೆಯವಳು ಎಂದು ಹೇಳಲು ಬಂದಿಲ್ಲ.
ಬೀಗ ನನ್ನದು, ಬೀಗದ ಕೈ ನನ್ನದು.
ನೀರು ಈಗಲೂ ನನ್ನ ಮಾತು ಕೇಳುತ್ತದೆ.

ಬೀಗದ ಕೈ ಎನ್ನುವಾಗ ಸೊಂಟ ತಟ್ಟಿಕೊಳ್ಳಬೇಕು, ಹಾಗೆ ಅಭ್ಯಾಸ ಮಾಡಿದ್ದೆ. ತಟ್ಟಿಕೊಂಡೆ. ಅದೇ ಹೊತ್ತಿಗೆ ಎರಡನೇ ಸಾಲಿನಲ್ಲಿ ಅಜ್ಜಿಯ ಕೈಯೂ ಅವಳ ಸೊಂಟಕ್ಕೆ ಹೋಯಿತು. ಕಡಲೇಪುರಿಯ ಕೈ ಅಲ್ಲೇ ನಿಂತಿತು. ಅವಳ ಕಣ್ಣು ದೊಡ್ಡದಾಯಿತು. ನನ್ನ ಕವನ ಅವಳನ್ನು ತಾಕಿತು ಎಂದು ನನಗೆ ಮೈ ಜುಮ್ಮೆಂದಿತು. ಹಾಲಿನಲ್ಲಿ ಯಾರೂ ನಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದ ಚಪ್ಪಾಳೆಯಲ್ಲಿ ಹಿಂದಿನ ಬೆಂಚಿನದೂ ಇತ್ತು. ನನಗೆ ಬೇಕಾದದ್ದು ಸಿಕ್ಕಿತ್ತು.

ತೀರ್ಪುಗಾರರು ನಿವೃತ್ತ ಪ್ರಾಧ್ಯಾಪಕರು. ಸಾವಧಾನವಾಗಿ, ವಾತ್ಸಲ್ಯದಿಂದಲೇ ಮಾತಾಡಿದರು. "ಈ ಹುಡುಗಿಯ ದನಿ ಚೆನ್ನಾಗಿದೆ. ಆದರೆ ಒಂದು ಮಾತು. ಕಾದಂಬರಿಯಲ್ಲಿ ನಂಜಮ್ಮನಿಗೆ ಹೊಲವಿಲ್ಲ, ಬಾವಿಯಿಲ್ಲ. ಕವಿ ಪಾತ್ರದ ಮೇರೆ ಮೀರಬಾರದು. ನಿಜವಾದ ನಂಜಮ್ಮ ಹೀಗೆ ಮಾತಾಡುವವಳಲ್ಲ." ನಿಜವಾದ ನಂಜಮ್ಮ ಅವರ ಎದುರಿಗೇ ಕೂತು, ದೊಡ್ಡವರು ಹೇಳುತ್ತಿದ್ದಾರೆಂದು ಗೌರವದಿಂದ ತಲೆಯಾಡಿಸಿದಳು. ಮೊದಲ ಬಹುಮಾನ ಮಂಡಿಯೂರಿದವಳಿಗೆ ಹೋಯಿತು.

"ಅತ್ತೋಳಿಗೇ ಕೊಟ್ರು ನೋಡು" ಎಂದಳು ಅಜ್ಜಿ, ಗೇಟಿನ ಹೊರಗೆ. ಮರುಗಳಿಗೆ ನನ್ನ ರಟ್ಟೆ ಹಿಡಿದು ಎಳೆದಳು. "ಆಟೋ ಹಿಡಿ, ಬೇಗ ಹಿಡಿ. ಇವತ್ತು ನೀರಿನ ದಿನ ಕಣೆ. ಬೀಗದ ಕೈ ಇಲ್ಲೇ ಇದೆ!"

ಹೊರಗೆ ಹೋಗುವಾಗ ಬೀಗದ ಕೈಯನ್ನು ಅಮ್ಮನಿಗೆ ಕೊಟ್ಟು ಹೋಗುವುದು ಅವಳ ಪದ್ಧತಿ. ಆ ದಿನ ಸೀರೆ ಬದಲಿಸುವಾಗ ಹತ್ತಿ ಸೀರೆಯ ಸೊಂಟದಿಂದ ತೆಗೆದು, ಅಭ್ಯಾಸ ಬಲದಿಂದ ರೇಷ್ಮೆ ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ನೀರು ಬರುವುದು ಹತ್ತರ ಮೇಲೆ, ಎರಡು ಗಂಟೆಯ ಕಾಲ. ಈಗ ಮಧ್ಯಾಹ್ನ ದಾಟಿತ್ತು.

"ನಾನು ಸೊಂಟ ತಟ್ಕೊಂಡಾಗಲೇ ಗೊತ್ತಾಯ್ತಾ ನಿಂಗೆ?"

"ಹೂಂ."

"ಮತ್ತೆ ಆಗಲೇ ಏಳ್ಬಾರ್ದಿತ್ತಾ?"

"ನಡುವೆ ಎದ್ದು ಬರೋಕಾಗುತ್ತಾ? ಆಯಪ್ಪ ಏನು ಹೇಳ್ತಾರೋ ಕೇಳ್ಬೇಡ್ವಾ?" ಎಂದಳು. ಆರು ಮನೆಯವರು ಖಾಲಿ ಬಿಂದಿಗೆ ಇಟ್ಟುಕೊಂಡು ಗುಂಡಿಯ ಸುತ್ತ ಕೂತಿರುವುದೇ ಇಬ್ಬರ ಕಣ್ಣ ಮುಂದೆ. ಅವಳು ಹಾಗೆ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂಗಳದಲ್ಲಿ ಯಾರೂ ಕೂತಿರಲಿಲ್ಲ. ನಲ್ಲಿ ಗುಂಡಿಯ ಮುಚ್ಚಳ ತೆರೆದಿತ್ತು. ಚಿಲಕ ಕಿತ್ತು ಬಂದಿತ್ತು. ಬೀಗ ಮಾತ್ರ ಬಾಯಿ ಬಿಡದೆ ಚಿಲಕದ ಜೊತೆಗೇ ಕಲ್ಲಿನ ಮೇಲೆ ಬಿದ್ದಿತ್ತು. ನಾಲ್ಕನೇ ಮನೆಯ ರಹಮತ್ ಆಂಟಿ ಬಾಗಿಲಲ್ಲೇ ನಿಂತಿದ್ದಳು. "ಗುಸ್ಸಾ ನಕ್ಕೋ ಅಮ್ಮಾ, ಕೋಪ ಮಾಡ್ಕೋಬೇಡಿ. ನೀರು ಬಂದ್ಬಿಡ್ತು, ನೀವು ಬರ್ಲಿಲ್ಲ. ಅದಕ್ಕೆ ಎಲ್ಲಾರೂ ಸೇರಿ..."

ಅಜ್ಜಿ ರೇಷ್ಮೆ ಸೀರೆಯಲ್ಲೇ ಒಂದೊಂದು ಮನೆಯ ಬಾಗಿಲಿಗೂ ಹೋಗಿ ನೋಡಿದಳು. ಎಲ್ಲರ ಬಿಂದಿಗೆಗಳೂ ತುಂಬಿದ್ದವು. ಯಾರ ಮನೆಯಲ್ಲೂ ಮಾಮೂಲಿಗಿಂತ ಒಂದು ಹೆಚ್ಚಿರಲಿಲ್ಲ. ನಮ್ಮ ಡ್ರಮ್ಮು ತುಂಬಿತ್ತು. ಕೊನೆಯ ಮನೆಗೆ ಬೀಗ ಹಾಕಿತ್ತು. ಸ್ಟೆಲ್ಲಾ ಅಕ್ಕ ಇನ್ನೂ ಬಂದಿರಲಿಲ್ಲ. ಅವಳ ಬಾಗಿಲ ಪಕ್ಕ ಎರಡು ಬಿಂದಿಗೆ, ತುಂಬಿದ್ದವು, ಮೇಲೆ ತಟ್ಟೆ ಮುಚ್ಚಿತ್ತು.

"ಹಂಚಿದ್ದು ಯಾರು?" ಎಂದಳು ಅಜ್ಜಿ.

"ನಾನೇ ಕಲ್ಲ ಮೇಲೆ ಕೂತಿದ್ದೆ" ಎಂದಳು ರಹಮತ್ ಆಂಟಿ, ಬೈಗುಳಕ್ಕೆ ತಯಾರಾಗಿ. "ನೀವು ಕೊಡೋ ಅಷ್ಟೇ ಕೊಟ್ಟಿದೀನಿ ಅಮ್ಮಾ. ಅಲ್ಲಾನಾಣೆ, ಒಂದು ಜಾಸ್ತಿ ಇಲ್ಲ."

"ಸರಿಯಾಗಿ ಹಂಚಿದೀಯ" ಎಂದಳು ಅಜ್ಜಿ. ಬೀಗ ಎತ್ತಿಕೊಂಡು ಒಳಗೆ ಹೋದಳು.

ಸಂಜೆಯವರೆಗೂ ಅವಳು ಅಂಗಳಕ್ಕೆ ಬರಲಿಲ್ಲ. ನನಗೆ ಸಂಕಟವಾಯಿತು. ಬೆಳಿಗ್ಗೆ ತಾನೇ ಇಡೀ ಸಭೆಗೆ ಕೇಳುವ ಹಾಗೆ, ನೀರು ಈಗಲೂ ನನ್ನ ಮಾತು ಕೇಳುತ್ತದೆ ಎಂದು ಅವಳ ಬಾಯಲ್ಲಿ ಹೇಳಿಸಿ ಬಂದಿದ್ದೆ. ಹೇಳುತ್ತಿದ್ದ ಹೊತ್ತಿಗೇ ಇಲ್ಲಿ ನೀರು ಅವಳನ್ನು ಕೇಳದೆ ಹರಿದಿತ್ತು. ಇಪ್ಪತ್ತು ಚಿಲ್ಲರೆ ವರ್ಷದ ಯಜಮಾನಿಕೆ ಒಂದು ಕಲ್ಲೇಟಿಗೆ ಮುಗಿದಿತ್ತು. ಅವಳಿಲ್ಲದೆ ಏನೂ ಕೆಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ನೋವು ಎಂದು ನನಗನ್ನಿಸಿತು.

ದೀಪ ಹಚ್ಚಿದ ಮೇಲೆ ಕರೆದಳು. "ಆ ಪದ್ಯ ಇನ್ನೊಂದು ಸಲ ಹೇಳು."

ಹೇಳಿದೆ. ಕೊನೆಯ ಸಾಲಿಗೆ ಕೈ ಎತ್ತಿ ನಿಲ್ಲಿಸಿದಳು.

"ಅದು ತೆಗೆದ್ಬಿಡು. ಒಂದು ಮಡಿ ತುಂಬಿದ್ಮೇಲೆ ನೀರು ಅಲ್ಲೇ ನಿಂತ್ರೆ ಬೇರು ಕೊಳೆಯುತ್ತೆ. ನಾನೇ ಎಷ್ಟು ಸಲ ತಿರುಗಿಸಿಲ್ಲ? ನೀರು ಮುಂದಿನ ಮಡಿಗೆ ಹೋಯ್ತು ಅಂತ ಹಾಕು."

"ನೀರು ಮುಂದಿನ ಮಡಿಗೆ ಹೋಯಿತು" ಎಂದು ನಾನು ಹೇಳಿ ನೋಡಿದೆ.

"ಹಾಂ. ಅಷ್ಟೇ" ಎಂದಳು. ಕಣ್ಣು ಒದ್ದೆಯಾಗಿತ್ತು. ಅವಳು ಅಳುವವಳಲ್ಲ ಎಂದು ಅವಳೇ ಹೇಳಿದ್ದರಿಂದ ನಾನು ಬೇರೆ ಕಡೆ ನೋಡಿದೆ. ಮತ್ತೆ ಅವಳು ಆ ಗುಂಡಿಗೆ ಬೀಗ ಹಾಕಿಸಲಿಲ್ಲ. ನೀರಿನ ದಿನ ಕಲ್ಲಿನ ಮೇಲೆ ರಹಮತ್ ಆಂಟಿ ಕೂರುತ್ತಿದ್ದಳು. ಅಜ್ಜಿ ಜಗಲಿಯಲ್ಲಿ ಕೂತು ಸೊಪ್ಪು ಸೋಸುತ್ತ, ಒಮ್ಮೊಮ್ಮೆ ಸೊಂಟಕ್ಕೆ ಕೈ ಒಯ್ದು, ಏನೂ ಇಲ್ಲವೆಂದು ನೆನಪಾಗಿ ಕೈ ವಾಪಸ್ ತರುತ್ತಿದ್ದಳು.

ಬೇಸಿಗೆಗೆ ಪರೀಕ್ಷೆ ಬಂತು. ಕನ್ನಡ ಪತ್ರಿಕೆಯ ದಿನ ಬೆಳಿಗ್ಗೆ ಅಜ್ಜಿ ಬಾಗಿಲವರೆಗೂ ಬಂದು, "ನಾನೇನಾದ್ರೂ ಬಂದ್ರೆ ಗೈಡಲ್ಲಿದ್ದಂಗೇ ಬರಿ. ಜಿಪುಣಿ ಅಂತಾನೇ ಬರಿ. ನಿನ್ನ ರೋಷ ಅಲ್ಲಿ ತೋರಿಸ್ಬೇಡ, ಮಾರ್ಕು ಹೋಗುತ್ತೆ" ಎಂದಳು. ಬಂದಳು. ಪ್ರಶ್ನೆಪತ್ರಿಕೆಯಲ್ಲಿ ಅವಳು ಬಂದೇ ಬಂದಿದ್ದಳು, ಐದು ಅಂಕಕ್ಕೆ. ನಾನು ಉರು ಹೊಡೆದದ್ದನ್ನು ಒಂದಕ್ಷರ ಬಿಡದೆ ಬರೆದೆ. ಪ್ರತೀಕವಾಗಿದೆ ಎಂದು ಮುಗಿಸಿ ಮುಂದಿನ ಪ್ರಶ್ನೆಗೆ ಹೋಗಬೇಕು, ಪೆನ್ನು ಹೋಗಲಿಲ್ಲ. ಒಂದು ಸಾಲು ಸೇರಿಸಿದೆ. ಆಮೇಲೆ ಮುಂದಕ್ಕೆ ಹೋದೆ.

ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲೇ ಕಾಯುತ್ತಿದ್ದಳು.

"ನಾನು ಬಂದಿದ್ನಾ?"

"ಬಂದಿದ್ದೆ ಅಜ್ಜಿ."

"ಗೈಡಲ್ಲಿದ್ದಂಗೇ ಬರ್ದೆ ತಾನೇ?"

"ಹಂಗೇ ಬರ್ದೆ. ಕೊನೇಲಿ ನಿನ್ನ ಸಾಲು ಹಾಕ್ಬಿಟ್ಟು ಬಂದೆ."

ಸೊಪ್ಪಿನ ಮೇಲಿದ್ದ ಅವಳ ಕೈ ನಿಂತಿತು. "ಅದು ಬುಕ್ಕಲ್ಲಿಲ್ವಲ್ಲೇ. ಎಷ್ಟು ಹೋಗುತ್ತೆ?"

"ಒಂದು ಮಾರ್ಕು ಹೋಗ್ಬಹುದು."

ಅವಳು ಒಂದು ದಂಟಿನ ಕಡ್ಡಿ ಮುರಿದು, ನಾರು ಎಳೆದು, ಮೊರಕ್ಕೆ ಹಾಕಿದಳು.

"ಹೋಗ್ಲಿ ಬಿಡು" ಎಂದಳು. "ನಾಕು ಆ ಹುಡುಗಂದು, ಒಂದು ನಂದು."